ಹಿಂದಿನ ಸೀಟಿನ ಅಭಿಪ್ರಾಯ

ಹಳೆಯ ಬೈಕ್ ಮಾರಿ ಹೊಸದು ಕೊಳ್ಳುವ ಮಾತು ಬಂದಾಗ ನಮ್ಮ ಮನೆಯಲ್ಲಿ ಎರಡು ಪಕ್ಷವಾಯಿತು. ಮಗನಿಗೆ 150 ಸಿಸಿಯದೇ ಆಗಬೇಕು. ಇವರಿಗೆ ಮೈಲೇಜಿನದೇ ಲೆಕ್ಕ, 100 ಸಿಸಿ ಸಾಕು. ದಿನವೂ ಹಿಂದೆ ಕುಳಿತು ಶಾಲೆಗೆ ಹೋಗುವ ನನ್ನನ್ನು ಯಾರೂ ಕೇಳಲಿಲ್ಲ.

ಕೆಲವು ವರ್ಷಗಳ ಹಿಂದೆ ತಮ್ಮನ ಬೈಕಿನಲ್ಲಿ ಹೋಗುವಾಗ ನನ್ನ ಬುರ್ಖಾದ ಅಂಚು ಚಕ್ರಕ್ಕೆ ಸಿಕ್ಕಿತ್ತು. ನಿಧಾನವಾಗಿ ಹೋಗುತ್ತಿದ್ದುದರಿಂದ ಮೊಣಕಾಲು ತರಚಿತಷ್ಟೇ. ಅಲ್ಲಾಹನು ಕಾಪಾಡಿದ. ಅಂದ ಕೆಡುತ್ತದೆಂದು ತಮ್ಮ ಸೀರೆ ಗಾರ್ಡನ್ನು ಕಳಚಿಸಿದ್ದ! ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ.

ಈ ಸಲ ನಾನೂ ಶೋರೂಮಿಗೆ ಹೋಗಿ ಒಂದೊಂದರ ಮೇಲೂ ಕುಳಿತು ನೋಡಿದೆ. ಮಗ ಮೆಚ್ಚಿದ ಬೈಕಿನ ಹಿಂದಿನ ಸೀಟು ಎತ್ತರ, ಚೈನಿಗೆ ಅರ್ಧವೇ ಮುಚ್ಚಳ. 125 ಸಿಸಿಯ ಒಂದರಲ್ಲಿ ಸೀಟು ಉದ್ದ, ಸಪಾಟು. ಚೈನ್ ಪೂರ್ತಿ ಮುಚ್ಚಿತ್ತು. ಮಂಗಳೂರಿನ ಏರುಗಳಲ್ಲಿ ಇಬ್ಬರನ್ನು ಹೊರಲು ಅದು 100 ಸಿಸಿಗಿಂತ ಮೇಲು ಎಂದು ಇವರೂ ಒಪ್ಪಿದರು.

ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮಾವನ ಬೈಕಿನ ಕಥೆ ಹೇಳಿದೆ. ಈಗ “ಉಮ್ಮಾ, ಬುರ್ಖಾ ಸರಿಯಿದೆಯಾ?” ಎಂದು ಕೇಳದೆ ಹೊರಡುವುದಿಲ್ಲ.

ಸಹೋದರಿಯರೇ, ಬೈಕ್ ಕೊಳ್ಳುವಾಗ ನೀವೂ ಹೋಗಿ. ಹಿಂದೆ ಕುಳಿತು ನೋಡಿ, ಆಮೇಲೆ ಒಪ್ಪಿಗೆ ಕೊಡಿ.