ಇಲಿ ತಿಂದುಳಿದ ಸ್ವರಗಳು

ಪಿಯಾನೊ ಒಂದೇ ಸಮನೆ ಏರಿ ಇಳಿಯುತ್ತಿತ್ತು. ನಾನು ಅಭ್ಯಾಸಬಲದಿಂದ ಸ್ವರ ಹಿಡಿಯಲು ಹೊರಟೆ. ಷಡ್ಜ, ಆಮೇಲೆ ಷಟ್‌ಶ್ರುತಿ ರಿಷಭ, ಅದಕ್ಕೆ ಒತ್ತಿಕೊಂಡೇ ಅಂತರ ಗಾಂಧಾರ. ಅರೆ, ವಿವಾದಿ ಮೇಳ! ಇಂಥ ರಾಗ ಹಾಡಿದರೆ ಮನೆಗೆ ಕೇಡು ಎಂದು ಹಳೆಯ ವಿದ್ವಾಂಸರು ಹೆದರುತ್ತಿದ್ದರು. ಇದನ್ನು ಬರೆದವನೋ ಮ್ಯಾಂಚೆಸ್ಟರಿನ ಜಾನ್ ಫೌಲ್ಡ್ಸ್.

ಫೌಲ್ಡ್ಸ್ ಹುಟ್ಟಿದ್ದು 1880ರಲ್ಲಿ. ಅಪ್ಪ ಹ್ಯಾಲೆ ಆರ್ಕೆಸ್ಟ್ರಾದಲ್ಲಿ ಬಸೂನ್ ಊದುತ್ತಿದ್ದ; ಮಗ ಅಲ್ಲೇ ಚೆಲ್ಲೊ ಹಿಡಿದು ಕೂತ. ಸಂಗಾತಿ ಮಾಡ್ ಮೆಕಾರ್ಥಿ ಪಿಟೀಲು ವಾದಕಿ; ಆನಿ ಬೆಸೆಂಟರ ಜೊತೆ ಭಾರತಕ್ಕೆ ಬಂದು ನಮ್ಮ ಸಂಗೀತ ಕಲಿತು ಹೋದವಳು. ಮೇಳಕರ್ತ ರಾಗಗಳ ಗಂಟು ಆ ಮನೆ ಸೇರಿದ್ದು ಹಾಗೆ. ನಾನು ಕೇಳುತ್ತಿದ್ದ, 1929ರಲ್ಲಿ ಮುಗಿಸಿದ ಈ ಪಿಯಾನೊ ಕಂಚೆರ್ಟೊಗೆ ಅವನಿಟ್ಟ ಹೆಸರು ‘ಡೈನಮಿಕ್ ಟ್ರಿಪ್ಟಿಕ್’. ಮೊದಲ ಭಾಗದುದ್ದಕ್ಕೂ ಆ ವಿವಾದಿ ಮೇಳದ ಏಳೇ ಸ್ವರ, ಒಂದೂ ಅನ್ಯಸ್ವರ ನುಸುಳದು. ಎರಡನೆಯದರಲ್ಲಿ ಪಿಟೀಲುಗಳು ಕಾಲು ಸ್ವರದಷ್ಟು ಜಾರುತ್ತವೆ. ಗಮಕದಲ್ಲಿ ಬೆಳೆದ ಕಿವಿಗೆ ಇದೇನು ಮಹಾ ಅನ್ನಿಸಬಹುದು. ಆಗಿನ ಬ್ರಿಟನ್ನಿಗೆ ಅದು ನುಂಗಲಾರದ ತುತ್ತು. 1931ರಲ್ಲಿ ಎಡಿನ್‌ಬರೋದಲ್ಲಿ ಫ್ರಾಂಕ್ ಮೆರಿಕ್ ಎಂಬ ಪಿಯಾನೊ ವಾದಕ ಅದನ್ನು ನುಡಿಸಿದ. ಬರಬರುತ್ತಾ ಕೇಳುವವರಿಲ್ಲದಾಯಿತು.

1935ರಲ್ಲಿ ಫೌಲ್ಡ್ಸ್ ಭಾರತಕ್ಕೆ ಬಂದ. ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ಕೆಲಸ. ಆದರೆ ಮನಸ್ಸಿದ್ದದ್ದು ಬೇರೆಡೆ: ನಮ್ಮ ವಾದ್ಯಗಾರರನ್ನು ಕೂಡಿಸಿ ವೃಂದ ಕಟ್ಟಿದ. ಗುರುವಿನ ಬಾಯಿಂದಲೇ ಕಲಿತವರ ಮುಂದೆ ಕಾಗದ ಇಟ್ಟು, ಇದನ್ನು ನೋಡಿ ನುಡಿಸಿ ಅಂದರೆ ಹೇಗಿದ್ದೀತು! ಆ ಮುಖಗಳನ್ನು ನೋಡಬೇಕಿತ್ತು ಅಂತ ನನಗೆ ಆಸೆ. 1939ರ ಏಪ್ರಿಲ್‌ನಲ್ಲಿ ಕಲ್ಕತ್ತೆಗೆ ಹೋದ. ಕೆಲವೇ ದಿನಕ್ಕೆ ಕಾಲರಾ ಬಂದು ತೀರಿಕೊಂಡ. 58 ವಯಸ್ಸು.

ಎಷ್ಟೋ ವರ್ಷಗಳ ಮೇಲೆ ಮ್ಯಾಲ್ಕಂ ಮ್ಯಾಕ್‌ಡೊನಾಲ್ಡ್ ಎಂಬ ಸಂಗೀತ ಲೇಖಕ ಹುಡುಕಿಕೊಂಡು ಹೋದಾಗ, ಫೌಲ್ಡ್ಸ್‌ನ ಮಗಳು ಗ್ಯಾರೇಜಿಗೆ ಕರೆದೊಯ್ದಳು. ಶವಪೆಟ್ಟಿಗೆಯಷ್ಟು ದೊಡ್ಡ ಎರಡು ಪೆಟ್ಟಿಗೆ, ತುಂಬ ಹಸ್ತಪ್ರತಿ. ಭಾರತದಲ್ಲಿದ್ದಾಗ ಇಲಿ, ಇರುವೆ ತಿಂದು ಬಿಟ್ಟದ್ದು. ನಮ್ಮಜ್ಜಿಯ ಹಾಡಿನ ಪುಸ್ತಕವನ್ನು ಅಟ್ಟದಿಂದ ಇಳಿಸಿದಾಗಲೂ ಹೀಗೇ: ರಟ್ಟು ಗಟ್ಟಿಯಾಗಿತ್ತು, ತೆರೆದರೆ ಗೆದ್ದಲಿನ ಮಣ್ಣು ಮಡಿಲಿಗೆ ಉದುರಿತು. ಯಾವ ಹಾಡುಗಳಿದ್ದವೆಂದು ಕೇಳಲು ಅಜ್ಜಿ ಇರಲಿಲ್ಲ.

1984ರಲ್ಲಿ ಲಿರಿಟಾ ಕಂಪನಿ ಕಂಚೆರ್ಟೊದ ಗ್ರಾಮಫೋನ್ ತಟ್ಟೆ ತಂದಿತು. ನುಡಿಸಿದವನು ಹೊವರ್ಡ್ ಶೆಲ್ಲಿ. ಅದು ಬದುಕಿಕೊಂಡಿತು, ಸರಿ. ನನ್ನ ಕೊರಗು ಇನ್ನೊಂದರದು. ಇಲ್ಲಿ, ಈ ಸೆಕೆಯಲ್ಲಿ ಕೂತು ‘ಸಿಂಫನಿ ಆಫ್ ಈಸ್ಟ್ ಅಂಡ್ ವೆಸ್ಟ್’ ಎಂದೊಂದು ಬರೆದಿದ್ದನಂತೆ. ಪೆಟ್ಟಿಗೆಯಲ್ಲಿ ಅದು ಸಿಗಲಿಲ್ಲ. ಅದರಲ್ಲಿ ಯಾವ ಮೇಳ ಹಿಡಿದಿದ್ದನೋ.