ಒಂದರಿಂದ ನಾಲ್ಕು

ಧಾರವಾಡದಿಂದ ಮೊದಲ ಸಲ ಪುಣೆಗೆ ಹೋಗಿ, ಸದಾಶಿವ ಪೇಠೆಯ ಮಾಮಾನ ಮನೆಯ ಕರೆಗಂಟೆ ಒತ್ತಿದಾಗ ಮಧ್ಯಾಹ್ನ ಒಂದೂವರೆ. ಮಾಮಿ ಕದ ಅರ್ಧ ತೆರೆದು, ತುಟಿಯ ಮೇಲೆ ಬೆರಳಿಟ್ಟು, "ಸಾವಕಾಶ ಬಾರಪಾ, ವಾಮಕುಕ್ಷಿ ನಡದದ" ಎಂದರು. ಯಾವುದೋ ಹೋಮವಿರಬೇಕೆಂದು ನಾನು ಕಾಲು ತೊಳೆದು, ಭಕ್ತಿಯಿಂದ ಒಳಗೆ ಹೋದೆ. ಮಾಮಾ ಗೊರಕೆ ಹೊಡೆಯುತ್ತಿದ್ದರು.

ವಾಮವೆಂದರೆ ಎಡ, ಕುಕ್ಷಿಯೆಂದರೆ ಹೊಟ್ಟೆ. ಉಂಡಮೇಲೆ ಎಡಮಗ್ಗುಲಾಗಿ ತುಸು ಒರಗಿದರೆ ಅನ್ನ ಅರಗುತ್ತದೆಂಬುದು ಹಳೆಯ ವೈದ್ಯರ ಮಾತು. ನಮ್ಮ ಸರ್ವಜ್ಞನೂ ಒಪ್ಪಿದವನೇ. ಆದರೆ ಮೊದಲು ನೂರು ಹೆಜ್ಜೆ ನಡೆಯಿರೆಂದು ಷರತ್ತು ಹಾಕಿದ. ಪುಣೆ ಆ ಷರತ್ತನ್ನು ಜಾಣತನದಿಂದ ಮರೆತು, ಉಳಿದದ್ದನ್ನು ಜೋಪಾನ ಮಾಡಿತು. ಎಡಬಲದ ಲೆಕ್ಕವೂ ಸವೆದು, ಈಗ ಮರಾಠಿಯಲ್ಲಿ ಊಟದ ಮೇಲಿನ ಯಾವ ನಿದ್ದೆಯೂ ವಾಮಕುಕ್ಷಿಯೇ. ಪೇಠೆಯ ಅಂಗಡಿಗಳು 1ರಿಂದ 4ರವರೆಗೆ ಮುಚ್ಚುವುದು ಊರಿನ ಕೀರ್ತಿಯ ಭಾಗವೇ ಆಗಿಹೋಯಿತು.

"ಅವಂದೇನು, ವಾಮಕುಕ್ಷಿ ಬಾಳ್ವೆ!" ಎಂದು ಧಾರವಾಡದಲ್ಲಿ ಅಪ್ಪ ಕರುಬುತ್ತಿದ್ದರು. ಮೂವತ್ತು ವರ್ಷ ನಸುಕಿನ ನಾಲ್ಕಕ್ಕೆದ್ದು, ಸೈಕಲ್ ತುಳಿದು ಕಾರ್ಖಾನೆಯ ಮೊದಲ ಪಾಳಿಗೆ ಹೋದ ಮಾಮಾ ಅಪ್ಪನ ಕಣ್ಣಿಗೆ ಬಿದ್ದಿರಲಿಲ್ಲ. ಅಂಗಡಿಯವನೂ ಅಷ್ಟೇ, ಅವನು ಮಲಗಿದ್ದು ಕಂಡವರು ಎದ್ದದ್ದು ಕಾಣರು.

ಮಾಮಾ ಮಾತ್ರ ಕಟ್ಟುನಿಟ್ಟಾಗಿ ಎಡಕ್ಕೇ ಮಲಗುತ್ತಿದ್ದರು. ಎಂಥ ಶಾಸ್ತ್ರನಿಷ್ಠೆ ಎಂದುಕೊಂಡೆ. ಮಾಮಿ ಗುಟ್ಟು ಬಿಚ್ಚಿದರು: ಯಂತ್ರಗಳ ಸದ್ದಿಗೆ ಬಲಗಿವಿ ಎಂದೋ ಹೋಗಿತ್ತು. ಕೇಳುವ ಎಡಗಿವಿಯನ್ನು ದಿಂಬಿಗೊತ್ತಿದರೆ ಕರೆಗಂಟೆಯೂ ಇಲ್ಲ, ಭಾಂಡಿ ಮಾರುವವಳ ಕೂಗೂ ಇಲ್ಲ. "ನನ್ನ ಮಾತು ತಪ್ಪಿಸಲಿಕ್ಕೆ ಇವರಿಗೆ ಆಯುರ್ವೇದ ಬೇಕಾಗೇದ ನೋಡು" ಎಂದು ನಗುತ್ತ, ಯಾರೋ ಗಂಟೆ ಒತ್ತಿದರೆಂದು ಬಾಗಿಲಿಗೆ ಓಡಿದರು.

2017ರಲ್ಲಿ ಚಿತಳೆ ಬಂಧು ಮಿಠಾಯಿ ಅಂಗಡಿ ಮಧ್ಯಾಹ್ನವೂ ತೆರೆದಿರುತ್ತದೆಂದಾಗ ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಇನ್ನು ಎರಡು ಗಂಟೆಗೂ ಬಾಕರವಡಿ! ಮಾಮಾ ಒಂದು ವಾರ ಮುನಿಸಿಕೊಂಡಿದ್ದರಂತೆ.

ಮಾಮಿ ಹೋಗಿ ಎರಡು ವರ್ಷವಾಯಿತು. ಕಳೆದ ತಿಂಗಳು ಹೋದಾಗಲೂ ಮಧ್ಯಾಹ್ನವೇ. ಇನ್ನು ನಾಲ್ಕರ ತನಕ ಮೆಟ್ಟಿಲ ಮೇಲೇ ಗತಿ ಎಂದುಕೊಳ್ಳುತ್ತ ಗಂಟೆ ಒತ್ತಿದೆ. ಕದ ತಟ್ಟನೆ ತೆರೆಯಿತು. ಬಲಗೆನ್ನೆಯ ತುಂಬ ದಿಂಬಿನ ಗೆರೆ.

"ಈಗ ಬಲಕ್ಕ ಮಲಗತೀನಪಾ" ಎಂದರು ಮಾಮಾ. "ಗಂಟಿ ಕೇಳಬೇಕಲ್ಲ."