ನೀರೊಳಗಿನ ಬಾಯಾರಿಕೆ

ಕಡಲಿನ ಮೀನು ನೀರೊಳಗಿದ್ದೂ ಬಾಯಾರುತ್ತದೆಂಬುದನ್ನು ತಾವು ಬಲ್ಲಿರಾ? ನಾವು ಅರಿತದ್ದು 2023ರ ಮಾಘಮಾಸದಲ್ಲಿ, ಮಂಗಳೂರಿನ ಭಕ್ತರೊಬ್ಬರ ಮನೆಯಲ್ಲಿ. ಅಲ್ಲಿಯ ಗಾಜಿನ ತೊಟ್ಟಿಯಲ್ಲಿ ನೀಲಿಯ ಡ್ಯಾಮ್ಸೆಲ್ ಮೀನೊಂದು ಕಿತ್ತಳೆ ಬಣ್ಣದ ಕ್ಲೌನ್ ಮೀನನ್ನು ಕಚ್ಚಿ, ಪಕ್ಕೆಯ ಚರ್ಮವನ್ನು ಹರಿದಿತ್ತು. ಕಡಲಾಗಿದ್ದರೆ ಓಡಿ ತಪ್ಪಿಸಿಕೊಳ್ಳುತ್ತಿತ್ತು. ನಾಲ್ಕು ಗಾಜುಗಳ ನಡುವೆ ಓಡುವುದೆಲ್ಲಿಗೆ? ಗಾಯ ಮಾಡಿದ್ದು ನೀಲಿ ಮೀನಲ್ಲ, ತೊಟ್ಟಿಯೇ ಎಂದು ನಮಗೆ ತೋರಿತು.

ಅರಿಸಿನ ಹಾಕಬಾರದೇ ಎಂದೆವು. ಪ್ರಾಣಿಶಾಸ್ತ್ರ ಓದುತ್ತಿದ್ದ ಆ ಮನೆಯ ಮಗಳು ವಿನಯದಿಂದಲೇ ತಡೆದಳು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲನೀರು ಮೀನಿನ ಮೈಯೊಳಗಣ ನೀರನ್ನು ಸೆಳೆಯುತ್ತಲೇ ಇರುತ್ತದೆ. ಅದು ಆ ಉಪ್ಪುನೀರನ್ನೇ ಕುಡಿದು, ಮಿಕ್ಕ ಉಪ್ಪನ್ನು ಕಿವಿರುಗಳಿಂದ ಹೊರದೂಡಿ ಬದುಕಬೇಕು. ಚರ್ಮ ಹರಿದರೆ ಸೋರಿಕೆ ಹೆಚ್ಚುತ್ತದೆ. ಆಕೆ ಮೀನನ್ನು ಬೇರೆ ತೊಟ್ಟಿಗೆ ಸರಿಸಿ, ಉಪ್ಪಿನಂಶವನ್ನು ತುಸುತುಸುವೇ ಇಳಿಸಿದಳು. ಅಮೋನಿಯಾ ಏರದಂತೆ ಪ್ರತಿದಿನವೂ ಒಂದಷ್ಟು ನೀರು ಬದಲಿಸಿದಳು.

ಬಿಡಾರವಿದ್ದ ಐದು ದಿನವೂ ಪೂಜೆ ಮುಗಿದೊಡನೆ ನಾವು ತೊಟ್ಟಿಯತ್ತ ನಡೆಯುತ್ತಿದ್ದೆವು (ಒಮ್ಮೆ, ನಿಜ ಹೇಳಬೇಕೆಂದರೆ, ಪೂಜೆಗೂ ಮೊದಲೇ). ನಾಲ್ಕನೆಯ ದಿನ, ಆ ಸಸ್ಯಾಹಾರಿಗಳ ಮನೆಗೆ ಅದಕ್ಕೆಂದೇ ತಂದ ಸಿಗಡಿಯ ಚೂರನ್ನು ಅದು ನುಂಗಿತು.

ಹೊರಡುವಾಗ, ದೊಡ್ಡ ತೊಟ್ಟಿಗೆ ಮರಳಿ ಬಿಡುವುದೆಂದು ಎಂದು ಕೇಳಿದೆವು.

“ಅಲ್ಲಿ ಆ ನೀಲಿ ಮೀನು ಇನ್ನೂ ಇದೆಯಲ್ಲ, ಬುದ್ಧಿ” ಎಂದಳು.